ಬೋಲ್ಟಿನ ಭಾರ

ಸಂಸಾರದ ಸಾಮಾನುಗಳಲ್ಲೆಲ್ಲ ಬೋಲ್ಟಿನಷ್ಟು ಅಲಕ್ಷ್ಯಕ್ಕೆ ಗುರಿಯಾದ ವಸ್ತು ಮತ್ತೊಂದು ಇರಲಾರದು. ಅದು ತನ್ನ ಸ್ಥಾನದಲ್ಲಿ ಇರುವ ತನಕ ಅದರ ಹೆಸರನ್ನು ಎತ್ತುವವರೇ ಇಲ್ಲ. ಭಾನುವಾರದ ಬೆಳಗ್ಗೆ ಸ್ಕೂಟರನ್ನು ಅಂಗಳದಲ್ಲಿ ಬಿಚ್ಚಿ ಹರಡಿ, ಎಣ್ಣೆಯ ಕೈಯಲ್ಲೇ ಎರಡು ಲೋಟ ಕಾಫಿ ಕುಡಿದು, ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲವನ್ನೂ ಮತ್ತೆ ಜೋಡಿಸಿ ಎದ್ದು ನಿಂತ ಯಜಮಾನರ ಅಂಗೈಯಲ್ಲಿ ಒಂದು ಬೋಲ್ಟು ಉಳಿದುಬಿಡುವುದುಂಟು. "ಇದು ಎಲ್ಲಿಯದು?" ಎಂದು ಮಡದಿ ಕೇಳುತ್ತಾಳೆ. "ಅದೇನೋ ಹೆಚ್ಚಿನದು, ಕಾರ್ಖಾನೆಯವರು ಒಂದೆರಡು ಸುಮ್ಮನೆ ಹಾಕಿರುತ್ತಾರೆ" ಎಂದು ಯಜಮಾನರು ಗಂಭೀರವಾಗಿ ಉತ್ತರವಿತ್ತು ಅದನ್ನು ಕಿಟಕಿಯ ಮೇಲಣ ಡಬ್ಬಿಗೆ ಸೇರಿಸುತ್ತಾರೆ. ಸ್ಕೂಟರು ಓಡುತ್ತದೆ. ಯಜಮಾನರ ವಿದ್ಯೆಗಿಂತ, ಅದನ್ನು ತಯಾರಿಸಿದವರ ಮುಂಜಾಗ್ರತೆಯೇ ಅದಕ್ಕೆ ಕಾರಣವೆಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದಿರುತ್ತದೆ. ಹೇಳುವವರು ಮಾತ್ರ ಇಲ್ಲ.

ಪಂದ್ಯದ ಕಾರುಗಳನ್ನು ಕಟ್ಟುವವರ ಮನೆಯಲ್ಲಿ ಇಂತಹ ಡಬ್ಬಿ ಇರುವುದಿಲ್ಲ. ಅಲ್ಲಿ ಹೆಚ್ಚಿನ ಬೋಲ್ಟೂ ಇಲ್ಲ, ಕಡಿಮೆಯ ಬೋಲ್ಟೂ ಇಲ್ಲ. ಪ್ರತಿಯೊಂದಕ್ಕೂ ಅಳತೆಯುಂಟು, ಬಿಗಿಗೆ ಲೆಕ್ಕವುಂಟು, ತೂಕಕ್ಕೆ ಪಟ್ಟಿಯುಂಟು. ತೂಕವೆಂದರೆ ಮಣ ಕಿಲೋಗಳ ಮಾತಲ್ಲ, ಗ್ರಾಮುಗಳ ಮಾತು. ಎಂಟು ಮಿಲಿಮೀಟರು ದಪ್ಪ, ನಾಲ್ಕು ಸೆಂಟಿಮೀಟರು ಉದ್ದದ ಒಂದು ಉಕ್ಕಿನ ಬೋಲ್ಟು ಹೆಚ್ಚು ಕಡಿಮೆ 20 ಗ್ರಾಂ ತೂಗುತ್ತದೆ. ಅದೇ ಅಳತೆಯ ಟೈಟೇನಿಯಂ ಬೋಲ್ಟು 11 ಅಥವಾ 12 ಗ್ರಾಂ. ಉಳಿತಾಯ ಎಂಟೊಂಬತ್ತು ಗ್ರಾಂ; ಎರಡು ಟೀ ಚಮಚ ಸಕ್ಕರೆಯಷ್ಟು. ಈ ಸಕ್ಕರೆಗಾಗಿ ಕೆಲವೇ ರೂಪಾಯಿಗಳ ಬೋಲ್ಟಿನ ಜಾಗದಲ್ಲಿ ನೂರಾರು ರೂಪಾಯಿಗಳ ಬೋಲ್ಟನ್ನು ಕೂಡಿಸಲಾಗುತ್ತದೆ. ನೂರು ಬೋಲ್ಟುಗಳನ್ನು ಬದಲಿಸಿದರೆ ಒಂದು ಕಿಲೋಗ್ರಾಮಿಗೆ ಸ್ವಲ್ಪ ಕಡಿಮೆಯಾಗಿ ತೂಕ ಇಳಿಯುತ್ತದೆ. ಚಾಲಕ ಮಹಾಶಯನು ಒಂದು ವಾರ ರಾತ್ರಿಯ ಊಟವನ್ನು ಮಿತಗೊಳಿಸಿದರೆ ಅದಕ್ಕಿಂತ ಹೆಚ್ಚೇ ಇಳಿದೀತು, ಖರ್ಚೂ ಇಲ್ಲ. ಆದರೆ ಅವನು ಆಗಲೇ ಸೊರಗಿ ಕಡ್ಡಿಯಾಗಿರುತ್ತಾನೆ. ಇಳಿಸಲು ಉಳಿದಿರುವುದು ಬೋಲ್ಟು ಮಾತ್ರ.

ಇದು ಹುಚ್ಚೆಂದು ತೋರಬಹುದು. ಹುಚ್ಚಿನ ಅಂಶ ಇಲ್ಲದೆಯೂ ಇಲ್ಲ. ಜರ್ಮನಿಯ ಪೋರ್ಷೆ ಸಂಸ್ಥೆಯವರು 1968ರಲ್ಲಿ ಬೆಟ್ಟದ ದಾರಿಯ ಪಂದ್ಯಗಳಿಗಾಗಿ 909 ಎಂಬ ಪುಟ್ಟ ಕಾರೊಂದನ್ನು ಕಟ್ಟಿದರು. ಅದರ ತೂಕ 400 ಕಿಲೋಗ್ರಾಮಿಗಿಂತಲೂ ಕಡಿಮೆ. ಅದರ ಪೆಟ್ರೋಲು ತುಂಬುವ ಪಾತ್ರೆಯೇ ಟೈಟೇನಿಯಂ ಲೋಹದ ಒಂದು ಗುಂಡು. ಆ ಕೆಲಸದ ಮೇಲ್ವಿಚಾರಣೆ ನಡೆಸುತ್ತಿದ್ದವರು ಸಂಸ್ಥಾಪಕರ ಮೊಮ್ಮಗ ಫರ್ಡಿನಾಂಡ್ ಪೀಯೆಖ್. ಅವರು ಜೇಬಿನಲ್ಲಿ ಒಂದು ಅಯಸ್ಕಾಂತವನ್ನು ಇಟ್ಟುಕೊಂಡು ಕಾರಿನ ಸುತ್ತ ಓಡಾಡುತ್ತಿದ್ದರೆಂದೂ, ಅದು ಎಲ್ಲಿಯಾದರೂ ಅಂಟಿಕೊಂಡಿತೋ, ಅಲ್ಲಿ ಉಕ್ಕು ಏಕೆ ಇದೆಯೆಂದು ಕೆಲಸಗಾರರನ್ನು ವಿಚಾರಿಸುತ್ತಿದ್ದರೆಂದೂ ಒಂದು ಕತೆಯುಂಟು. ಟೈಟೇನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅತ್ತೆ ಸೊಸೆಯ ಅಡಿಗೆಮನೆಯಲ್ಲಿ ಬೆರಳಾಡಿಸಿ ಧೂಳು ನೋಡಿದ ಹಾಗೆ ಈ ಪರೀಕ್ಷೆ ನಡೆಯುತ್ತಿದ್ದಿರಬೇಕು.

ಆದರೆ ಹುಚ್ಚಿನ ಹಿಂದೆ ಲೆಕ್ಕವುಂಟು. ಕಾರು ವೇಗವನ್ನು ಪಡೆಯುವಾಗಲೂ, ತಿರುವಿನಲ್ಲಿ ಹೊರಳುವಾಗಲೂ, ಬ್ರೇಕಿಗೆ ತಗ್ಗುವಾಗಲೂ, ಅದರ ತೂಕ ಪ್ರತಿ ಸಾರಿಯೂ ತನ್ನ ಕಪ್ಪವನ್ನು ವಸೂಲು ಮಾಡುತ್ತದೆ. ಒಂದು ಸುತ್ತಿನಲ್ಲಿ ಹತ್ತು ಹದಿನೈದು ತಿರುವುಗಳು. ಪಂದ್ಯಕ್ಕೆ ಹತ್ತಾರು ಸುತ್ತುಗಳು. ಸಾಸಿವೆಯಷ್ಟು ನಷ್ಟವೂ ಸಾವಿರ ಸಲ ಸೇರಿದರೆ ಮೂಟೆಯಾಗುತ್ತದೆ. ಅದರಲ್ಲಿಯೂ ಚಕ್ರದ ಬಳಿ, ಸ್ಪ್ರಿಂಗಿನ ಕೆಳಗೆ ಇರುವ ತೂಕ ಇಳಿದರೆ ಚಕ್ರವು ರಸ್ತೆಯ ಉಬ್ಬುತಗ್ಗುಗಳನ್ನು ಬಿಡದೆ ಹಿಡಿದು ನಡೆಯುತ್ತದೆ.

ಈ ಲೆಕ್ಕವನ್ನು ತನ್ನ ಮೈಮೇಲೆಯೇ ಮಾಡಿ ನೋಡಿದವರಲ್ಲಿ ಅಮೆರಿಕದ ಡ್ಯಾನ್ ಗರ್ನಿಯವರು ಒಬ್ಬರು. 1931ರಲ್ಲಿ ಹುಟ್ಟಿದ ಈ ನೀಳಕಾಯದ ಮನುಷ್ಯನ ತಂದೆ ಆಪೆರಾ ಗಾಯಕರು. ತಾತ ಮಾತ್ರ ಬಾಲ್ ಬೇರಿಂಗುಗಳ ತಯಾರಿಕೆಯಲ್ಲಿ ಹೊಸ ಮಾದರಿಯನ್ನು ಕಂಡುಹಿಡಿದವರು. ಮೊಮ್ಮಗನಿಗೆ ಸಂಗೀತ ಬಾರದೆ ಉಕ್ಕಿನ ಗುಂಡುಗಳ ಕಡೆಯ ರಕ್ತವೇ ಮೇಲುಗೈಯಾಯಿತು. ಚಿಕ್ಕದೊಂದು ಭಾಗ ಕೈಕೊಟ್ಟರೆ ಏನಾಗುತ್ತದೆಂಬುದನ್ನು ಗರ್ನಿಯವರು ಮೊದಲೇ ಕಂಡಿದ್ದರು. 1960ರ ಜೂನಿನಲ್ಲಿ ಹಾಲೆಂಡಿನ ಜಾಂಡ್‌ಫೋರ್ಟ್ ಪಂದ್ಯದಲ್ಲಿ ಅವರ ಕಾರಿನ ಬ್ರೇಕು ಹಿಡಿಯದೆ ಹೋಯಿತು. ಕಾರು ದಾರಿ ಬಿಟ್ಟು ಹಾರಿತು. ಅವರ ತೋಳು ಮುರಿಯಿತು. ನೋಡಲು ಬಂದು ನಿಂತಿದ್ದ ಒಬ್ಬ ಯುವಕ ಪ್ರಾಣ ಕಳೆದುಕೊಂಡ. ತೋಳು ಕೂಡಿಕೊಂಡಿತು. ಆದರೆ ಅಂದಿನಿಂದ ಅವರಲ್ಲಿ ಎರಡು ಅಭ್ಯಾಸಗಳು ಉಳಿದುಕೊಂಡವು: ಎಂಜಿನಿಯರುಗಳ ಮಾತನ್ನು ಸುಲಭವಾಗಿ ನಂಬದಿರುವುದು ಒಂದು; ಬ್ರೇಕನ್ನು ಬಲವಾಗಿ ಒತ್ತುವುದಕ್ಕೆ ಮುಂಚೆ ಪಾದದಿಂದ ಒಮ್ಮೆ ಮೆಲ್ಲಗೆ ತಟ್ಟಿ ನೋಡುವುದು ಮತ್ತೊಂದು. ಬಾವಿಗೆ ಇಳಿಯುವವನು ಹಗ್ಗವನ್ನು ಎಳೆದು ನೋಡುವಂತೆ.

ಎಂಜಿನಿಯರುಗಳನ್ನು ನಂಬದವನು ಕೊನೆಗೆ ಮಾಡಬೇಕಾದುದನ್ನೇ ಅವರು ಮಾಡಿದರು. ಕಾರನ್ನು ತಾವೇ ಕಟ್ಟಿಸಿದರು. ಕ್ಯಾಲಿಫೋರ್ನಿಯದ ಸಾಂಟಾ ಆನಾ ಪಟ್ಟಣದಲ್ಲಿ ಆಲ್ ಅಮೆರಿಕನ್ ರೇಸರ್ಸ್ ಎಂಬ ಸಂಸ್ಥೆ ನಿಂತಿತು. ಲೆನ್ ಟೆರಿ ಎಂಬ ಇಂಗ್ಲಿಷ್ ಎಂಜಿನಿಯರು ಕಾರಿನ ರೂಪರೇಷೆಗಳನ್ನು ಬರೆದರು. ಇಂಗ್ಲೆಂಡಿನ ವೆಸ್ಲೇಕ್ ಸಂಸ್ಥೆಯವರು ಹನ್ನೆರಡು ಸಿಲಿಂಡರುಗಳ ಎಂಜಿನನ್ನು ಮಾಡಿಕೊಟ್ಟರು. ಹದ್ದಿನ ಕೊಕ್ಕಿನಂತಹ ಮೂತಿಯುಳ್ಳ ಆ ಕಡುನೀಲಿ ಕಾರಿನ ಹೆಸರು ಈಗಲ್. ಅದರಷ್ಟು ಸುಂದರವಾದ ಪಂದ್ಯದ ಕಾರು ಹುಟ್ಟಿಲ್ಲವೆನ್ನುವವರು ಇಂದಿಗೂ ಇದ್ದಾರೆ, ಆ ಮಾತನ್ನು ಅಲ್ಲಗಳೆಯುವುದು ಕಷ್ಟ. ಆದರೆ ಸುಂದರಿಗೆ ತೂಕ ಜಾಸ್ತಿ. ಅಂದಿನ ಫಾರ್ಮುಲಾ ಒನ್ ನಿಯಮದಂತೆ ಕಾರು 500 ಕಿಲೋಗ್ರಾಮಿಗಿಂತ ಕಡಿಮೆ ಇರಕೂಡದು. ಈಗಲ್ ಅದಕ್ಕಿಂತ ಬಹಳ ಮೇಲಿತ್ತು. ಪ್ರತಿಸ್ಪರ್ಧಿಗಳು ಆ ಗೆರೆಯ ಸಮೀಪದಲ್ಲಿಯೇ ಓಡಾಡುತ್ತಿದ್ದರು. ಆದುದರಿಂದ 104 ಎಂಬ ಸಂಖ್ಯೆಯನ್ನು ಪಡೆದ ನಾಲ್ಕನೆಯ ಕಾರನ್ನು ಕಟ್ಟುವಾಗ, ಮೈಹೊದಿಕೆಯ ತಗಡಿಗೆ ಅಲ್ಯುಮಿನಿಯಮ್ಮಿನ ಬದಲು ಮೆಗ್ನೀಸಿಯಮ್ಮನ್ನೂ, ಉಕ್ಕಿದ್ದ ಹಲವಾರು ಕಡೆಗಳಲ್ಲಿ ಟೈಟೇನಿಯಮ್ಮನ್ನೂ ತಂದರು.

ಟೈಟೇನಿಯಂ ಅಂದಿಗೆ ಹೊಸ ಲೋಹ. ಹೊಸದೆಂದರೆ ಮನುಷ್ಯನ ಕೈಗೆ ಹೊಸದು, ಭೂಮಿಗೆ ಅಲ್ಲ. 1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ವಿಲಿಯಂ ಗ್ರೆಗರ್ ಎಂಬ ಪಾದ್ರಿಗಳು ಅಲ್ಲಿನ ಒಂದು ಹಳ್ಳದ ಕಪ್ಪು ಮರಳನ್ನು ಪರೀಕ್ಷಿಸುತ್ತ ಅದರಲ್ಲಿ ಅಪರಿಚಿತವಾದ ಒಂದು ಧಾತುವಿದೆಯೆಂದು ಕಂಡರು. ನಾಲ್ಕು ವರ್ಷಗಳ ಅನಂತರ ಜರ್ಮನಿಯ ಕ್ಲಾಪ್‌ರೋಟ್ ಎಂಬ ರಸಾಯನಜ್ಞರು ಗ್ರೀಕ್ ಪುರಾಣದ ಟೈಟನ್ನರೆಂಬ ಮಹಾಕಾಯರ ಹೆಸರನ್ನು ಅದಕ್ಕಿಟ್ಟರು. ಹೆಸರಿಟ್ಟದ್ದಾಯಿತು, ಮಗುವನ್ನು ಕಣ್ಣಿನಿಂದ ನೋಡಲು ಮಾತ್ರ ನೂರು ವರ್ಷಕ್ಕೂ ಮೀರಿ ಕಾಯಬೇಕಾಯಿತು. ಶುದ್ಧ ಲೋಹ ದೊರೆತದ್ದು 1910ರಲ್ಲಿ. ಆಮ್ಲಜನಕದ ಮೇಲೆ ಅದಕ್ಕೆ ಎಷ್ಟು ವ್ಯಾಮೋಹವೆಂದರೆ, ಬೇರ್ಪಡಿಸಿದ ಕೂಡಲೆ ಮತ್ತೆ ಹೋಗಿ ಅಪ್ಪಿಕೊಳ್ಳುತ್ತದೆ. ಲಕ್ಸೆಂಬರ್ಗಿನ ವಿಲಿಯಂ ಕ್ರೋಲ್ ಎಂಬವರು ಕಂಡುಹಿಡಿದ ವಿಧಾನ ಬಂದಮೇಲೆಯೇ ಅದನ್ನು ಕಾರ್ಖಾನೆಗಳಲ್ಲಿ ತಯಾರಿಸುವುದು ಸಾಧ್ಯವಾಯಿತು. ಆ ವಿಧಾನವಾದರೂ ನಿಧಾನದ್ದು, ಬಹಳ ದುಬಾರಿಯದು. ಕೇರಳದ ಚವರ ಕಡಲತೀರದಲ್ಲಿ ಕಾಲಿಗೆ ಅಂಟುವ ಕಪ್ಪು ಮರಳಿನಲ್ಲಿಯೂ ಈ ಲೋಹವೇ ಅಡಗಿದೆ. ಮರಳಿಗೆ ಬೆಲೆಯಿಲ್ಲ, ಅದರೊಳಗಿನಿಂದ ಹೊರಬಂದ ಲೋಹಕ್ಕೆ ಬೆಲೆ ಕಟ್ಟುವುದು ಕಷ್ಟ. ಚವರದಲ್ಲಿಯೇ 2011ರಲ್ಲಿ ಲೋಹ ತೆಗೆಯುವ ಕಾರ್ಖಾನೆ ಆರಂಭವಾಯಿತು. ನಡುವೆ ಇರುವುದೆಲ್ಲ ಶ್ರಮ.

ಬೋಲ್ಟಿಗೆ ಬಳಸುವುದು ಶುದ್ಧ ಲೋಹವನ್ನಲ್ಲ. ಶೇಕಡಾ 6 ಭಾಗ ಅಲ್ಯುಮಿನಿಯಂ, 4 ಭಾಗ ವೆನೇಡಿಯಂ ಬೆರೆಸಿದ ಮಿಶ್ರಲೋಹವನ್ನು. ಅದರ ಒಂದು ಘನ ಸೆಂಟಿಮೀಟರು 4.4 ಗ್ರಾಂ ತೂಗಿದರೆ ಉಕ್ಕಿನದು 7.8 ಗ್ರಾಂ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೂಕ, ಸಾಮಾನ್ಯ ಉಕ್ಕನ್ನು ಮೀರಿಸುವ ಬಲ, ಮಳೆಗೂ ಉಪ್ಪುನೀರಿಗೂ ತುಕ್ಕು ಹಿಡಿಯದ ಮೈ. ಇಷ್ಟು ಸದ್ಗುಣಗಳ ವರನನ್ನು ಕಂಡರೆ ಯಾರು ತಾನೆ ಹಿಂದುಮುಂದು ನೋಡಿಯಾರು? ಜಾತಕವನ್ನು ಪೂರ್ತಿ ಓದಿದವರು ನೋಡುತ್ತಾರೆ.

ಜಾತಕವನ್ನು ಮೊದಲು ಪೂರ್ತಿಯಾಗಿ ಓದಬೇಕಾಗಿ ಬಂದವರು ವಿಮಾನ ಕಟ್ಟುವವರು. ಗರ್ನಿಯವರ ಕಾರ್ಖಾನೆಯಿಂದ ಮೋಟಾರಿನಲ್ಲಿ ಸುಮಾರು ಒಂದು ಗಂಟೆಯ ಹಾದಿಯಲ್ಲಿರುವ ಬರ್ಬ್ಯಾಂಕ್ ಪಟ್ಟಣದಲ್ಲಿ, ಅದೇ ದಶಕದ ಆರಂಭದಲ್ಲಿ, ಲಾಕ್‌ಹೀಡ್ ಸಂಸ್ಥೆಯವರು ಕೆಲ್ಲಿ ಜಾನ್ಸನ್ನರ ನೇತೃತ್ವದಲ್ಲಿ ಶಬ್ದದ ಮೂರರಷ್ಟು ವೇಗದ ಗೂಢಚರ್ಯೆಯ ವಿಮಾನವನ್ನು ಗುಟ್ಟಾಗಿ ಕಟ್ಟುತ್ತಿದ್ದರು. ಗಾಳಿಯ ತಿಕ್ಕಾಟದಿಂದಲೇ ಆ ವಿಮಾನದ ಮೈ ಕಾಯುತ್ತಿದ್ದುದರಿಂದ ಅದರ ಬಹುಭಾಗ ಟೈಟೇನಿಯಮ್ಮಿನದು. ಅಲ್ಲಿ ಒಂದು ವಿಚಿತ್ರ ನಡೆಯಿತು. ಬೋಲ್ಟುಗಳನ್ನು ಕ್ರಮವಾಗಿ ಬಿಗಿದು, ಒಂದೆರಡು ಸಲ ಕಾಯಿಸಿದ ಮೇಲೆ ನೋಡಿದರೆ ಕೆಲವು ಬೋಲ್ಟುಗಳ ತಲೆಗಳು ತಾವಾಗಿಯೇ ಕಳಚಿ ಬೀಳುತ್ತಿದ್ದವು. ಲೋಹದಲ್ಲಿ ದೋಷವಿಲ್ಲ, ಬಿಗಿಯಲ್ಲಿ ತಪ್ಪಿಲ್ಲ. ಬಹಳ ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿದುಬಂದದ್ದು ಇಷ್ಟು: ಬಿಗಿಯಲು ಬಳಸಿದ ಸ್ಪ್ಯಾನರುಗಳಿಗೆ ತುಕ್ಕು ಹಿಡಿಯದಿರಲೆಂದು ಕ್ಯಾಡ್ಮಿಯಂ ಲೇಪ ಕೊಟ್ಟಿದ್ದರು. ಸ್ಪ್ಯಾನರು ತಾಗಿದ ಕಡೆ ಬೋಲ್ಟಿನ ತಲೆಗೆ ಕಣ್ಣಿಗೆ ಕಾಣದಷ್ಟು ಕ್ಯಾಡ್ಮಿಯಂ ಅಂಟಿಕೊಂಡು, ಕಾವು ಏರಿದಾಗ ಅದು ಒಳಹೊಕ್ಕು ಲೋಹವನ್ನು ಪೆಡಸುಗೊಳಿಸಿ ಸೀಳುತ್ತಿತ್ತು. ಕಾರ್ಖಾನೆಯ ಪೆಟ್ಟಿಗೆಗಳನ್ನೆಲ್ಲ ಶೋಧಿಸಿ ಆ ಲೇಪದ ಉಪಕರಣಗಳನ್ನು ಹೊರಗೆ ಹಾಕಬೇಕಾಯಿತು. ಇನ್ನೊಂದು ಸಲ ಬೇಸಗೆಯಲ್ಲಿ ಬೆಸೆದ ತಗಡುಗಳು ಬೇಗ ಕೆಡುವುದೂ, ಚಳಿಗಾಲದಲ್ಲಿ ಬೆಸೆದವು ಬಾಳುವುದೂ ಕಂಡಿತು. ಬೇಸಗೆಯಲ್ಲಿ ಪಾಚಿ ಕಟ್ಟದಿರಲೆಂದು ಊರಿನ ನೀರಿಗೆ ಹೆಚ್ಚು ಕ್ಲೋರಿನ್ ಬೆರೆಸುತ್ತಿದ್ದರು. ತಗಡುಗಳನ್ನು ತೊಳೆಯುತ್ತಿದ್ದದ್ದು ಆ ನೀರಿನಲ್ಲಿ! ಮಹಾಕಾಯನ ಹೆಸರಿನ ಲೋಹಕ್ಕೆ ನಲ್ಲಿಯ ನೀರು ಆಗಿಬರಲಿಲ್ಲ.

ವಿಮಾನದವರಿಂದ ಪಂದ್ಯದ ಕಾರಿನವರಿಗೆ ಲೋಹ ಬಂದಂತೆ ಈ ಪಾಠಗಳೂ ಬಂದವು. ಆದರೆ ಪಾಠ ನಿಧಾನವಾಗಿ ಬರುತ್ತದೆ, ಆಸೆ ಬೇಗ ಬರುತ್ತದೆ. ಟೈಟೇನಿಯಂ ಬೋಲ್ಟೆಂದರೆ ಹಗುರವಾದ ಉಕ್ಕಿನ ಬೋಲ್ಟು ಎಂದು ತಿಳಿದು, ಹಳೆಯದನ್ನು ಬಿಚ್ಚಿ ಅದೇ ತೂತಿಗೆ ಅದೇ ಅಳತೆಯ ಹೊಸದನ್ನು ತುರುಕಿ, ಅದೇ ಬಿಗಿಗೆ ತಿರುಗಿಸಿದರೆ ಆಯಿತೆಂದುಕೊಂಡವರು ಅನೇಕರು. ಅಲ್ಲಿಯೇ ತಪ್ಪು ಆರಂಭವಾಗುವುದು.

ಬೋಲ್ಟು ಮಾಡುವ ಕೆಲಸವೇನು? ಎರಡು ಭಾಗಗಳ ನಡುವೆ ಮೊಳೆಯಂತೆ ಸಿಕ್ಕಿಕೊಂಡು ಅವು ಜಾರದಂತೆ ತಡೆಯುವುದೆಂದು ಸಾಮಾನ್ಯವಾಗಿ ಭಾವಿಸುತ್ತಾರೆ. ನಿಜವಾಗಿ ಬೋಲ್ಟು ಒಂದು ಸ್ಪ್ರಿಂಗು. ನಟ್ಟನ್ನು ತಿರುಗಿಸಿದಷ್ಟೂ ಬೋಲ್ಟಿನ ಒಡಲು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗಲು ಹವಣಿಸುತ್ತ ಎರಡು ಭಾಗಗಳನ್ನೂ ಅವುಚಿ ಹಿಡಿಯುತ್ತದೆ. ಗಾಡಿಯ ಮೇಲಣ ಹೊರೆಗೆ ಹಗ್ಗವನ್ನು ಜಗ್ಗಿ ಕಟ್ಟಿದರೆ ಹೊರೆ ಅಲುಗುವುದಿಲ್ಲ. ಸಡಿಲವಾಗಿ ಕಟ್ಟಿದರೆ ಹಗ್ಗ ಎಷ್ಟೇ ದಪ್ಪಗಿರಲಿ, ಪ್ರತಿ ಕುಲುಕಿಗೂ ಹೊರೆ ಹಗ್ಗವನ್ನು ತಿನ್ನುತ್ತ ಹೋಗುತ್ತದೆ. ಬೋಲ್ಟಿನ ಮಾತೂ ಹಾಗೆಯೇ. ಸರಿಯಾಗಿ ಬಿಗಿದ ಬೋಲ್ಟಿಗೆ ಕಾರಿನ ಅಲುಗಾಟ ಬಹುಮಟ್ಟಿಗೆ ಗೊತ್ತೇ ಆಗುವುದಿಲ್ಲ. ಸಡಿಲವಾದದ್ದಕ್ಕೆ ಪ್ರತಿಯೊಂದು ಏಟೂ ನೇರವಾಗಿ ತಗಲುತ್ತದೆ. ಲಕ್ಷಾಂತರ ಏಟುಗಳ ಅನಂತರ, ಯಾವ ಮುನ್ಸೂಚನೆಯೂ ಇಲ್ಲದೆ, ಅದು ದಣಿದು ತುಂಡಾಗುತ್ತದೆ.

ಈಗ ಟೈಟೇನಿಯಮ್ಮಿನ ಸ್ವಭಾವವನ್ನು ನೋಡಬೇಕು. ಒಂದೇ ಸೆಳೆತಕ್ಕೆ ಅದು ಉಕ್ಕಿಗಿಂತ ಹೆಚ್ಚು ಕಡಿಮೆ ಇಮ್ಮಡಿಯಾಗಿ ಹಿಗ್ಗುತ್ತದೆ. ಅದನ್ನು ಅರಿತು ಲೆಕ್ಕ ಹಾಕಿದರೆ ಇದು ಅನುಕೂಲವೇ ಹೌದು. ಆದರೆ ಬಿಗಿಯನ್ನು ಅಳೆಯುವ ಬಗೆಯಲ್ಲಿ ಒಂದು ಮೋಸವಿದೆ. ಟಾರ್ಕ್ ರೆಂಚು ಎಂಬ ಅಳತೆಯ ಸ್ಪ್ಯಾನರು ತಿರುಗಿಸಿದ ಬಲವನ್ನು ತೋರಿಸುತ್ತದೆಯೇ ಹೊರತು ಬೋಲ್ಟು ಎಷ್ಟು ಹಿಗ್ಗಿತೆಂಬುದನ್ನು ತೋರಿಸುವುದಿಲ್ಲ. ತಿರುಗಿಸಿದ ಬಲದ ಬಹುಪಾಲನ್ನು ತಲೆಯ ಅಡಿಯ ಉಜ್ಜಾಟವೂ ತಿರುಪಿನ ಸುತ್ತುಗಳ ಉಜ್ಜಾಟವೂ ನುಂಗಿಬಿಡುತ್ತವೆ. ಟೈಟೇನಿಯಮ್ಮಿನಲ್ಲಿ ಈ ಉಜ್ಜಾಟ ಸಾಮಾನ್ಯದ್ದಲ್ಲ. ಆ ಲೋಹದ ಮೈಮೇಲೆ ಸದಾ ಆಕ್ಸೈಡಿನ ತೆಳುವಾದ ಪೊರೆಯೊಂದು ಇರುತ್ತದೆ. ಅದನ್ನು ತುಕ್ಕಿನಿಂದ ಕಾಪಾಡುವುದು ಅದೇ. ಒತ್ತಡದಲ್ಲಿ ಉಜ್ಜಿದಾಗ ಪೊರೆ ಹರಿದು, ಒಳಗಿನ ಬತ್ತಲೆ ಲೋಹ ಎದುರಿನ ಬತ್ತಲೆ ಲೋಹವನ್ನು ಕಚ್ಚಿ ಹಿಡಿದು, ಬೆಂಕಿಯಿಲ್ಲದೆಯೇ ಬೆಸೆದುಕೊಂಡುಬಿಡುತ್ತದೆ. ಆಗ ನಟ್ಟು ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ರೆಂಚು ಮಾತ್ರ ಬೇಕಾದ ಅಂಕಿಯನ್ನು ತೋರಿಸಿ, ಬಿಗಿ ಬಂದಿತೆಂದು ಸಾರುತ್ತದೆ. ಒಳಗೆ ಬೋಲ್ಟು ಹಿಗ್ಗಿಯೇ ಇರುವುದಿಲ್ಲ. ಹಗ್ಗ ಕಟ್ಟಿದಂತೆ ಕಾಣುತ್ತದೆ, ಜಗ್ಗಿಲ್ಲ.

ಆದುದರಿಂದ ಬಲ್ಲವರು ಅದರ ಸುತ್ತುಗಳಿಗೆ ಮಾಲಿಬ್ಡಿನಂ ಡೈಸಲ್ಫೈಡ್ ಬೆರೆತ ಕಪ್ಪು ಲೇಪವನ್ನು ಹಚ್ಚದೆ ಅದನ್ನು ಮುಟ್ಟುವುದಿಲ್ಲ. ಲೇಪ ಹಚ್ಚಿದರೆ ಉಜ್ಜಾಟ ತಗ್ಗುತ್ತದೆ; ತಗ್ಗಿದಾಗ ಹಳೆಯ ಅಂಕಿಗೇ ಬಿಗಿದರೆ ಬೋಲ್ಟು ಮಿತಿಮೀರಿ ಹಿಗ್ಗಿ ಕೆಡುತ್ತದೆ. ಹಾಗಾಗಿ ಬಿಗಿಯ ಅಂಕಿಯೂ ಬೇರೆಯಾಗಬೇಕು. ತುಂಬ ಮುಖ್ಯವಾದ ಕಡೆಗಳಲ್ಲಿ ರೆಂಚನ್ನು ನಂಬದೆ ಬೋಲ್ಟಿನ ಉದ್ದವನ್ನೇ ಬಿಗಿಯುವ ಮುಂಚೆ ಒಮ್ಮೆ, ಬಿಗಿದ ಮೇಲೆ ಒಮ್ಮೆ ಮೈಕ್ರೋಮೀಟರಿನಿಂದ ಅಳೆಯುತ್ತಾರೆ. ಇನ್ನು ಬಲದ ಮಾತು. ಟೈಟೇನಿಯಂ ಸಾಮಾನ್ಯ ಉಕ್ಕನ್ನು ಮೀರಿಸಿದರೂ, ಅತ್ಯುತ್ತಮ ದರ್ಜೆಯ ಬೋಲ್ಟಿನ ಉಕ್ಕನ್ನು ಮೀರಿಸಲಾರದು. ಆ ದರ್ಜೆಯ ಉಕ್ಕು ಕೂಡ ಏದುಸಿರು ಬಿಡುತ್ತಿರುವ ಕಡೆಗೆ ಅದೇ ಅಳತೆಯ ಟೈಟೇನಿಯಮ್ಮನ್ನು ಕಳುಹಿಸುವುದು ಅನ್ಯಾಯ. ಅಲ್ಲಿ ಬೋಲ್ಟು ದಪ್ಪವಾಗಬೇಕು, ಇಲ್ಲವೆ ಉಕ್ಕೇ ಇರಬೇಕು. ಅದರ ಒಡಲಿನ ಮೇಲೆ ಗೀರು ಬೀಳಬಾರದು. ಬಿರುಕು ಹುಟ್ಟುವುದು ಗೀರಿನಲ್ಲಿ. ತಿರುಪನ್ನು ಕಡೆದು ತೆಗೆಯುವುದಕ್ಕಿಂತ ಒತ್ತಿ ಉರುಳಿಸಿ ಮೂಡಿಸಿದ್ದು ಹೆಚ್ಚು ಬಾಳುತ್ತದೆ. ಮೆಗ್ನೀಸಿಯಮ್ಮಿನ ಪಕ್ಕದಲ್ಲಿ ಕೂಡಿಸಿ ನೀರು ಸೋಕಲು ಬಿಟ್ಟರೆ ತಾನು ಹಾಗೆಯೇ ಉಳಿದು ಪಕ್ಕದವನನ್ನು ಕರಗಿಸುತ್ತದೆ. ಉಕ್ಕಿನ ಬೋಲ್ಟಾದರೋ ಮರೆವನ್ನೂ ಅಸಡ್ಡೆಯನ್ನೂ ಸ್ವಲ್ಪಮಟ್ಟಿಗೆ ಕ್ಷಮಿಸುತ್ತದೆ. ಮೇಲೆ ಹೇಳಿದ ಯಜಮಾನರ ಸ್ಕೂಟರು ಓಡುವುದು ಆ ಕ್ಷಮೆಯಿಂದ. ತೆಗೆದುಹಾಕಿದ ಎಂಟೊಂಬತ್ತು ಗ್ರಾಮಿನಲ್ಲಿ ಆ ಕ್ಷಮೆಯೂ ಸೇರಿಹೋಗುತ್ತದೆ.

1967ರ ಜೂನ್ 18ರಂದು ಬೆಲ್ಜಿಯಮ್ಮಿನ ಸ್ಪಾ ಎಂಬಲ್ಲಿ ಗರ್ನಿಯವರು ಈ 104ರಲ್ಲಿ ಕುಳಿತರು. ಹಿಂದಿನ ಭಾನುವಾರವಷ್ಟೇ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಎ. ಜೆ. ಫಾಯ್ಟ್ ಎಂಬ ತಮ್ಮ ದೇಶದವರೊಡನೆ ಗೆದ್ದು ಬಂದಿದ್ದರು. ಸ್ಪಾದ ದಾರಿ ಅಂದು 14 ಕಿಲೋಮೀಟರು ಉದ್ದದ ಊರ ರಸ್ತೆ. ಅಕ್ಕಪಕ್ಕದಲ್ಲಿ ಮನೆ, ಮರ, ತಂತಿಯ ಕಂಬ. ಮೊದಲನೆಯ ಸುತ್ತಿನಲ್ಲಿಯೇ ಮೈಕ್ ಪಾರ್ಕ್ಸ್ ಎಂಬ ಚಾಲಕರ ಫೆರಾರಿ ಉರುಳಿ ಅವರ ಕಾಲುಗಳು ಮುರಿದವು. ಜಿಮ್ ಕ್ಲಾರ್ಕ್ ಮುಂದಿದ್ದು, ಸ್ಪಾರ್ಕ್ ಪ್ಲಗ್ಗಿನ ತೊಂದರೆಯಿಂದ ಹಿಂದೆ ಬಿದ್ದರು. ಗರ್ನಿಯವರೂ ಪೆಟ್ರೋಲಿನ ಒತ್ತಡ ಇಳಿಯುತ್ತಿದೆಯೆಂದು ನಡುವೆ ಒಮ್ಮೆ ನಿಂತು, ಕಡೆಗೆ ಹೋದಷ್ಟು ಹೋಗಲೆಂದು ಹೊರಟರು. ಮುಂದೆ ಇದ್ದ ಜ್ಯಾಕಿ ಸ್ಟೂವರ್ಟ್ ಗೇರು ಜಾರದಂತೆ ಒಂದು ಕೈಯಲ್ಲಿ ಅದರ ಕೋಲನ್ನು ಹಿಡಿದು ಮತ್ತೊಂದು ಕೈಯಲ್ಲಿ ಕಾರನ್ನು ನಡೆಸುತ್ತಿದ್ದರು. ಆ ದಿನ ಸ್ಪರ್ಧೆ ನಡೆದದ್ದು ಚಾಲಕರ ನಡುವೆ ಅಲ್ಲ, ಚಿಕ್ಕ ಪುಟ್ಟ ಬಿಡಿಭಾಗಗಳ ನಡುವೆ ಎನ್ನಬೇಕು. ಈಗಲ್ಲಿನ ಬಿಡಿಭಾಗಗಳು ನಿಂತವು. ಗಂಟೆಗೆ ಸುಮಾರು 235 ಕಿಲೋಮೀಟರು ಸರಾಸರಿ ವೇಗದಲ್ಲಿ 28 ಸುತ್ತುಗಳನ್ನು ಮುಗಿಸಿ, ಒಂದು ನಿಮಿಷಕ್ಕೂ ಹೆಚ್ಚಿನ ಅಂತರದಿಂದ ಗರ್ನಿಯವರು ಗೆದ್ದರು. ತಾವೇ ಕಟ್ಟಿದ ಕಾರಿನಲ್ಲಿ ಫಾರ್ಮುಲಾ ಒನ್ ಚಾಂಪಿಯನ್‌ಷಿಪ್ ಪಂದ್ಯವನ್ನು ಗೆದ್ದ ಅಮೆರಿಕನ್ನರು ಇಂದಿಗೂ ಅವರೊಬ್ಬರೇ.

ಅದೇ ಆಗಸ್ಟಿನಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗಿನಲ್ಲಿಯೂ ಅವರು ಮುಂದಿದ್ದರು; ಹಿಂದಿನವರಿಗೂ ಅವರಿಗೂ 40 ಸೆಕೆಂಡಿನ ಅಂತರ. ಹದಿನೈದು ಸುತ್ತುಗಳಲ್ಲಿ ಹದಿಮೂರನೆಯದರಲ್ಲಿ, ಚಕ್ರಕ್ಕೆ ಶಕ್ತಿಯನ್ನು ಒಯ್ಯುವ ದಂಡದ ಕೀಲು ಮುರಿಯಿತು. ಕಾರು ದಾರಿಯ ಪಕ್ಕದಲ್ಲಿ ನಿಂತಿತು. ಪಂದ್ಯ ಹೋಯಿತು, ಮನುಷ್ಯ ಉಳಿದ.

ಮರುವರ್ಷ ಇನ್ನೊಬ್ಬರ ಪಾಲಿಗೆ ಹಾಗಾಗಲಿಲ್ಲ. 1968ರ ಜುಲೈ 7ರಂದು ಫ್ರಾನ್ಸಿನ ರುವಾನ್ ಪಂದ್ಯದಲ್ಲಿ, ಮೆಗ್ನೀಸಿಯಮ್ಮಿನಿಂದ ಕಟ್ಟಿದ ಹೋಂಡಾ ಕಾರಿನಲ್ಲಿ ಜೋ ಶ್ಲೆಸ್ಸರ್ ಹೊರಟಿದ್ದರು. ಆ ಕಾರು ಪಂದ್ಯಕ್ಕೆ ಇನ್ನೂ ಸಿದ್ಧವಾಗಿಲ್ಲವೆಂದು ಜಾನ್ ಸರ್ಟೀಸ್ ಅದನ್ನು ಹತ್ತಲು ಒಪ್ಪಿರಲಿಲ್ಲ. ಮಳೆಯಲ್ಲಿ ಕಾರು ದಿಬ್ಬಕ್ಕೆ ಬಡಿಯಿತು. ತುಂಬಿದ ಪೆಟ್ರೋಲಿಗೆ ಹತ್ತಿದ ಬೆಂಕಿ ಮೆಗ್ನೀಸಿಯಮ್ಮಿಗೂ ಹತ್ತಿತು. ಮೆಗ್ನೀಸಿಯಂ ಹತ್ತಿ ಉರಿಯತೊಡಗಿದ ಮೇಲೆ ನೀರಿಗೆ ಬಗ್ಗುವ ಬೆಂಕಿಯಲ್ಲ. ಶ್ಲೆಸ್ಸರ್ ಬದುಕಲಿಲ್ಲ. ತಮ್ಮ ಕಾರಿನ ಮೈಯೂ ಅದೇ ಲೋಹದ್ದೆಂಬುದು ಗರ್ನಿಯವರ ಮನಸ್ಸಿನಿಂದ ಮರೆಯಾಗುವಂತಿರಲಿಲ್ಲ. ಕಾರನ್ನು ಹಗುರಗೊಳಿಸಲು ಜೊತೆಯಾಗಿ ಬಂದ ಎರಡು ಲೋಹಗಳಲ್ಲಿ ಒಂದು ಬೋಲ್ಟಾಗಿ ಹಿಡಿಯುತ್ತಿತ್ತು. ಇನ್ನೊಂದು, ಸಮಯ ಬಂದರೆ, ಸೌದೆಯಾಗುತ್ತಿತ್ತು. ಹಣದ ಅಭಾವದಿಂದಲೂ ಸೊರಗಿದ್ದ ಈಗಲ್ ಆ ವರ್ಷ ಮುಗಿಯುವ ಮುನ್ನ ಫಾರ್ಮುಲಾ ಒನ್ನಿನಿಂದ ಸರಿಯಿತು. ಕೊನೆಯ ಪಂದ್ಯಗಳಲ್ಲಿ ಗರ್ನಿಯವರು ಮ್ಯಾಕ್‌ಲಾರೆನ್ ಕಾರನ್ನು ನಡೆಸಿದರು. 2018ರ ಜನವರಿಯಲ್ಲಿ, 86ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡದ್ದು ಕಾರಿನಲ್ಲಲ್ಲ.

ಅದೇ ವರ್ಷ ಫಾರ್ಮುಲಾ ಒನ್ ಕಾರುಗಳಲ್ಲಿ ಚಾಲಕನ ತಲೆಯ ಸುತ್ತ ಒಂದು ಕಮಾನು ಕಡ್ಡಾಯವಾಯಿತು. ಹೇಲೋ ಎಂದು ಅದರ ಹೆಸರು. ಅದರ ಲೋಹ ಟೈಟೇನಿಯಂ. ತೂಕವನ್ನು ಕಳೆಯಲೆಂದು ಪಂದ್ಯದ ಮನೆಗೆ ಬಂದಿದ್ದ ಲೋಹ, ಈ ಸಲ ಏಳೆಂಟು ಕಿಲೋ ತೂಕವನ್ನು ಕೂಡಿಸಲು ಬಂದಿತು. ಕಾರಿನ ಅಂದ ಕೆಟ್ಟಿತೆಂದು ಹಲವರು ಮೂಗು ಮುರಿದರು. ಅಂದ ಕೆಟ್ಟದ್ದು ನಿಜವೇ. 2020ರ ನವೆಂಬರ್ 29ರಂದು ಬಹ್ರೈನ್ ಪಂದ್ಯದ ಮೊದಲನೆಯ ಸುತ್ತಿನಲ್ಲಿ ರೊಮೇನ್ ಗ್ರೋಸ್ಜಾನ್ ಎಂಬವರ ಕಾರು ಉಕ್ಕಿನ ತಡೆಬೇಲಿಯನ್ನು ಸೀಳಿಕೊಂಡು ಹೋಗಿ ಎರಡು ತುಂಡಾಗಿ ಹೊತ್ತಿ ಉರಿಯಿತು. ಸೀಳಿದ ಬೇಲಿಯ ಪಟ್ಟಿಗಳು ಅವರ ತಲೆಯನ್ನು ಮುಟ್ಟದಂತೆ ತಡೆದದ್ದು ಆ ಕಮಾನು. ಸುಮಾರು 28 ಸೆಕೆಂಡುಗಳ ಅನಂತರ, ಸುಟ್ಟ ಕೈಗಳಿಂದ, ಅವರು ಬೆಂಕಿಯೊಳಗಿನಿಂದ ತಾವಾಗಿಯೇ ಎದ್ದು ಬಂದರು.

ಆ ಕಮಾನನ್ನು ಕಾರಿಗೆ ಹಿಡಿದು ನಿಲ್ಲಿಸಿರುವುದು ಮೂರು ಕಡೆಗಳಲ್ಲಿ. ಮುಂದೆ ಒಂದು, ಹಿಂದೆ ಎರಡು. ಮೂರೂ ಕಡೆ ಇರುವುದು ಬೋಲ್ಟುಗಳೇ. ಪಂದ್ಯದ ಹಿಂದಿನ ದಿನ ಮೆಕ್ಯಾನಿಕನು ಇಂತಹ ಬೋಲ್ಟುಗಳನ್ನೆಲ್ಲ ಒಂದೊಂದಾಗಿ ಬಿಗಿಯುತ್ತಾನೆ. ರೆಂಚು ಟಕ್ಕೆಂದು ಸದ್ದು ಮಾಡಿದ ಮೇಲೆ ಅದನ್ನು ಕೆಳಗಿಟ್ಟು, ಬಣ್ಣದ ಪೆನ್ನಿನಿಂದ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಒಂದು ಗೆರೆ ಎಳೆಯುತ್ತಾನೆ. ಬೋಲ್ಟು ಎಳ್ಳಷ್ಟು ತಿರುಗಿದರೂ ಗೆರೆ ಮುರಿಯುತ್ತದೆ, ಕಣ್ಣಿಗೆ ಕಾಣುತ್ತದೆ. ಅನಂತರ ಇನ್ನೊಬ್ಬನು ಬಂದು, ಮೊದಲಿನವನನ್ನು ಏನೂ ಕೇಳದೆ, ಬಗ್ಗಿ ಪ್ರತಿಯೊಂದು ಗೆರೆಯನ್ನೂ ನೋಡುತ್ತ ಹೋಗುತ್ತಾನೆ.